ಸೀರೆ ಬೇಡ, ಹಂಚು ಕೊಡಿ

ಮದುವೆಯಾದ ಮೊದಲ ನಾಗರ ಪಂಚಮಿಗೆ ತವರಿನವರು ಮಗಳನ್ನು ಕರೆತಂದು ಸೀರೆ ಉಡಿಸುತ್ತಾರೆ. ನಾನು ಹಂಚು ಕೇಳಿದೆ. ರೊಟ್ಟಿ ಸುಡುವ ಕಬ್ಬಿಣದ ಹಂಚು. ಬಬಲೇಶ್ವರದ ನಮ್ಮ ಓಣಿಯಲ್ಲಿ ಆ ಮಾತು ಎಷ್ಟು ಓಡಾಡಿತೆಂದರೆ, ಇಪ್ಪತ್ತೈದು ವರ್ಷವಾದರೂ ನಾನು ಬಸ್ಸಿಳಿದು ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಏನ್ಬೇ, ಹಂಚು ಛಲೋ ಐತಿಲ್ಲೋ?" ಛಲೋ ಇದೆ ಎಂದು ಹೇಳಿ ಮುಂದೆ ಹೋಗುತ್ತೇನೆ. ನಗುವವರು ನಗಲಿ, ನನ್ನದೇನು ಹೋಗುತ್ತದೆ.

ಕೇಳಿದ್ದಕ್ಕೆ ಕಾರಣವಿತ್ತು. ವಿಜಯಪುರದ ನನ್ನ ಅತ್ತೆಯ ಮನೆಯಲ್ಲಿದ್ದದ್ದು ಬಜಾರಿನ ತೆಳು ಹಂಚು. ವರ್ಷಕ್ಕೊಂದು ತರುತ್ತಿದ್ದರು. ನಾಲ್ಕು ತಿಂಗಳು ಒಲೆಯ ಮೇಲೆ ಕೂಡ್ರುವಷ್ಟರಲ್ಲಿ ನಡುವೆ ಉಬ್ಬಿಕೊಂಡು ಕುಣಿಯುತ್ತಿತ್ತು. ಉಬ್ಬಿದ ಕಡೆ ರೊಟ್ಟಿ ಕರಕಲಾಗಿ, ಅಂಚಿನಲ್ಲಿ ಹಸಿ ಉಳಿಯುತ್ತಿತ್ತು. ಬೈಗುಳ ಮಾತ್ರ ಹಂಚಿಗೆ ಬೀಳುತ್ತಿರಲಿಲ್ಲ, ನನಗೆ ಬೀಳುತ್ತಿತ್ತು. "ಬಬಲೇಶ್ವರದಾಕಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ" ಎಂದು ಅತ್ತೆ ನಲ್ಲಿಯ ಮುಂದೆ ನಿಂತ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದರು. ಲಂಗ ಉಡುವ ವಯಸ್ಸಿನಿಂದ ರೊಟ್ಟಿ ಬಡಿದ ಕೈ ನನ್ನದು. ಸಿಟ್ಟು ನೆತ್ತಿಗೇರಿತು.

ಪಂಚಮಿಗೆ ಕರೆಯಲು ಬಂದ ಅಣ್ಣ ದಾರಿಯಲ್ಲೇ ಕೇಳಿದ, ಯಾವ ಬಣ್ಣದ ಸೀರೆ ಬೇಕು ಎಂದು. ಸೀರೆ ಬೇಡ, ಹಂಚು ಕೊಡಿಸು ಎಂದೆ. ಚೇಷ್ಟೆ ಎಂದುಕೊಂಡ. ಮನೆಗೆ ಬಂದಮೇಲೂ ಅದನ್ನೇ ಹೇಳಿದಾಗ ಅವ್ವ ತಲೆಯ ಮೇಲೆ ಕೈ ಹೊತ್ತಳು.

"ತವರಿಂದ ಕರೇ ಕಬ್ಬಿಣ ಹೊತ್ಕೊಂಡು ಹೋಗ್ತಾರೇನ ಬೇ ಯಾರರ? ಅದೂ ಮೊದಲ ಪಂಚಮಿಗೆ. ಮಂದಿ ಏನಂದಾರು?"

"ಮಂದಿ ಏನು ನನ್ನ ರೊಟ್ಟಿ ತಿಂತಾರೇನವ್ವಾ?"

ಕೊನೆಗೆ ಅಣ್ಣ ಕಂಬಾರಸಾಲೆಗೆ ಕರೆದುಕೊಂಡು ಹೋದ. ಅಲ್ಲಿಯ ಕಂಬಾರ ಹಿರಿಯ ಮನುಷ್ಯ, ಮಾತು ಕಡಿಮೆ. ಹೆಬ್ಬೆರಳು ತೋರುಬೆರಳು ಹತ್ತಿರ ಹಿಡಿದು, ನಡುವೆ ಸಣ್ಣ ಸಂದು ಬಿಟ್ಟು, ಇಷ್ಟು ದಪ್ಪ ಸಾಕೇನು ಎಂದು ಸನ್ನೆ ಮಾಡಿದ. ಇನ್ನೂ ಸ್ವಲ್ಪ ಎಂದೆ. ಸಂದು ದೊಡ್ಡದು ಮಾಡಿದ. ಬೆಲೆ ಹೇಳಿದಾಗ ಅಣ್ಣನ ಮುಖ ನೋಡುವಂತಾಗಿತ್ತು. ಬಜಾರಿನ ಹಂಚಿನ ನಾಲ್ಕು ಪಟ್ಟು. ಅಣ್ಣ ಚೌಕಾಸಿಗೆ ಬಾಯಿ ತೆರೆದ, ನಾನು ಅವನ ಅಂಗಿಯ ತೋಳು ಜಗ್ಗಿದೆ. ಬಡಿದು ತಟ್ಟಿ ಸಿದ್ಧ ಮಾಡಲು ಎರಡು ದಿನ ಹಿಡಿಯಿತು. ಶನಿವಾರ ಕಬ್ಬಿಣ ಮನೆಗೆ ತರಬಾರದೆಂದು ಅವ್ವ ಹಟ ಹಿಡಿದಳು, ಹಾಗಾಗಿ ಮತ್ತೊಂದು ದಿನ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಇಳಿಯುವಾಗ ಕಾಲು ಜೋಮು ಹಿಡಿದಿತ್ತು.

ಮೊದಲ ತಿಂಗಳು ಅತ್ತೆಗೆ ಹಬ್ಬ. ಎಣ್ಣೆ ಹಚ್ಚಿ, ಉಳ್ಳಾಗಡ್ಡಿ ತಿಕ್ಕಿ, ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ ಪಳಗಿಸಿದರೂ ರೊಟ್ಟಿ ಹಿಡಿದುಕೊಳ್ಳುತ್ತಿತ್ತು. ಕಾಯಲು ಹೊತ್ತು ಬೇಕು, ಕಟ್ಟಿಗೆ ಹೆಚ್ಚು ತಿನ್ನುತ್ತದೆ, ಎತ್ತಲು ಎರಡು ಕೈ ಬೇಕು. ಅತ್ತೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಆದರೂ ಹಲ್ಲು ಕಚ್ಚಿಕೊಂಡು ಅದರ ಮೇಲೆಯೇ ಮಾಡಿದೆ. ಎರಡನೆಯ ತಿಂಗಳಿಗೆ ಅದು ಕೈಗೆ ಬಂತು. ಒಮ್ಮೆ ಕಾದರೆ ಕಾದದ್ದೇ. ಉರಿ ಹೆಚ್ಚು ಕಡಿಮೆಯಾದರೂ ಅದು ಗಡಿಬಿಡಿ ಮಾಡುವುದಿಲ್ಲ. ರೊಟ್ಟಿ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದರೆ ಅಂಚಿನಿಂದ ಅಂಚಿಗೆ ಉಬ್ಬುತ್ತಿತ್ತು. ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲ. ಒಂದು ದಿನ ಸುಮ್ಮನೆ ಮೂರನೆಯ ರೊಟ್ಟಿ ಕೇಳಿದರು. ಅವರು ಎಂದೂ ಎರಡು ದಾಟಿದವರಲ್ಲ.

ಆ ಹಂಚಿನ ಮೇಲೆಯೇ ನನ್ನ ಕಸುಬು ಶುರುವಾಯಿತು. ಸ್ಟೇಷನ್ ರಸ್ತೆಯ ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡತೊಡಗಿದೆ. ಮುಂಜಾನೆ ಬಿಸಿ ರೊಟ್ಟಿ, ಮಧ್ಯಾಹ್ನ ಕೂತು ಕಡಕ್ ರೊಟ್ಟಿ. ಗಂಡನ ಆಟೋದಲ್ಲಿ ಬುಟ್ಟಿ ಹೋಗುತ್ತದೆ, ಖಾಲಿ ಬುಟ್ಟಿ ಬರುತ್ತದೆ. ಕಟ್ಟಿಗೆ ಹೋಗಿ ಗ್ಯಾಸ್ ಬಂತು. ಒಬ್ಬಳೇ ಮಗಳು ಶಾಲೆ ಮುಗಿಸಿ, ಕಾಲೇಜು ಮುಗಿಸಿ, ತೊರವಿಯ ಹೊರಗೆ ಹೊಸದಾಗಿ ಕಟ್ಟಿದ ಸಂಸ್ಥೆಯೊಂದರ ಆಫೀಸಿನಲ್ಲಿ ಕೆಲಸ ಹಿಡಿದಳು. ಒಲೆಗಳು ನಾಲ್ಕು ಬದಲಾದವು, ಹಂಚು ಅದೇ.

ದುಬಾರಿ ಕೊಟ್ಟದ್ದೆಲ್ಲ ಬಾಳಿಕೆ ಬರುತ್ತದೆ ಎಂದು ಹೇಳುವಷ್ಟು ದಡ್ಡಿ ನಾನಲ್ಲ. ಒಮ್ಮೆ ದೊಡ್ಡ ಅಂಗಡಿಗೆ ಹೋಗಿ, ಅಲ್ಲಿಯ ತಣ್ಣನೆಯ ಗಾಳಿಗೆ ಮರುಳಾಗಿ, ಬೆಲೆಬಾಳುವ ಮಿಕ್ಸರ್ ತಂದೆ. ಅಂಗಡಿಯವನು ಜನ್ಮಕ್ಕೆ ಒಂದೇ ಸಾಕು ಎಂದಿದ್ದ. ಯಾರ ಜನ್ಮವೋ ಏನೋ, ಎರಡನೆಯ ಬೇಸಿಗೆಗೆ ಹೊಗೆ ಉಗುಳಿ ಕೂತಿತು. ರಿಪೇರಿಗೆ ಒಯ್ದರೆ ಇದರ ಒಳಗಿನ ಸಾಮಾನು ಈಗ ಬರುವುದಿಲ್ಲ, ಹೊಸದೇ ತೆಗೆದುಕೊಳ್ಳಿರಿ ಎಂದರು. ನನಗಾಗ ತಿಳಿದದ್ದು ಇಷ್ಟೇ: ಹೆಚ್ಚು ಕೊಡುವ ಮೊದಲು, ಕೆಟ್ಟರೆ ಯಾರ ಮುಂದೆ ಒಯ್ದು ಇಡಬೇಕು ಎಂದು ಕೇಳಿಕೊಳ್ಳಬೇಕು. ಹಂಚು ಒಮ್ಮೆ ಕೈಜಾರಿ ಕಲ್ಲಿನ ಮೇಲೆ ಬಿದ್ದು ಅಂಚು ಸೊಟ್ಟಗಾಗಿತ್ತು. ಬಬಲೇಶ್ವರಕ್ಕೆ ಒಯ್ದೆ. ಕಂಬಾರ ಕಾಯಿಸಿ ನಾಲ್ಕು ಏಟು ಹಾಕಿ ಕೊಟ್ಟ, ಚಹಾ ಕುಡಿಸಿ ಕಳಿಸಿದ. ಮಿಕ್ಸರಿಗೆ ಯಾರು ಚಹಾ ಕುಡಿಸುತ್ತಾರೆ?

ಹೋದ ವರ್ಷ, ಬೇಸಿಗೆ ಕಾಲಿಡುವ ಹೊತ್ತಿಗೆ ಮಗಳ ಲಗ್ನವಾಯಿತು. ಗಂಡಿನ ಕಡೆಯವರು ತಿಕೋಟಾದವರು, ದ್ರಾಕ್ಷಿ ತೋಟ ಇದ್ದವರು. ಒಳ್ಳೆಯ ಜನ, ಅದು ಬೇಡ ಇದು ಬೇಡ ಎಂದೇ ಹೇಳಿದ್ದರು. ಆದರೆ ಭಾಂಡೆ ಹಚ್ಚುವ ಪದ್ಧತಿ ಬಿಡುವವರಾರು? ಹೆಣ್ಣಿನ ಮನೆಯವರು ಕೊಡುವ ಪಾತ್ರೆ ಪಡಗವನ್ನೆಲ್ಲ ಮಂಟಪದ ಒಂದು ಬದಿಗೆ, ಮೇಜಿನ ಮೇಲೆ, ದೊಡ್ಡದರ ಮೇಲೆ ಸಣ್ಣದು ಪೇರಿಸಿ ಇಡಬೇಕು. ಬಂದವರು ಊಟಕ್ಕೆ ಕೂಡ್ರುವ ಮೊದಲು ಅದರ ಮುಂದೆ ಹಾಯ್ದು ಹೋಗಬೇಕು. ಎಷ್ಟು ಭಾಂಡೆ ಎಂದು ಎಣಿಸಬೇಕು. ಹೀಗೆ ಎಣಿಸುವವರ ಸಲುವಾಗಿ ಜನ ಬೆರಳು ಒತ್ತಿದರೆ ತಗ್ಗು ಬೀಳುವ ಸ್ಟೀಲಿನ ಕೊಡ, ಪರಾತ, ಡಬ್ಬಿಗಳನ್ನು ರಾಶಿ ತರುತ್ತಾರೆ. ನಾನು ಕಡಿಮೆ ತಂದೆ, ದಪ್ಪನೆಯದು ತಂದೆ. ಅಂಗಡಿಯಲ್ಲಿ ಒಂದೊಂದನ್ನೂ ಎತ್ತಿ ನೋಡಿ ತಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಲಗ್ನದ ಹಿಂದಿನ ದಿನ ನನ್ನ ಹಂಚನ್ನು ಒಲೆಯಿಂದ ಇಳಿಸಿದೆ. ಸುಟ್ಟ ಹಿಟ್ಟನ್ನೆಲ್ಲ ಕೆರೆದು, ತೊಳೆದು, ಎಣ್ಣೆ ಸವರಿ, ಅರಿಶಿಣ ಕುಂಕುಮ ಹಚ್ಚಿದೆ. ಬೆಳಿಗ್ಗೆ ಭಾಂಡೆಯ ಮೇಜಿನ ನಟ್ಟನಡುವೆ ಇಟ್ಟೆ. ಸುತ್ತ ಸ್ಟೀಲು ಪಳಪಳ, ನಡುವೆ ಕರಿ ಹಂಚು. ನನ್ನ ಗಂಡ ನೋಡಿ, "ಲಗ್ನದಾಗ ಹಳೇದು, ಅದರಾಗ ಕರೇದು. ನಿನಗ ತಲಿ ಕೆಟ್ಟೈತೇನು?" ಎಂದರು. ಕೆಟ್ಟಿರಲಿಲ್ಲ. ಹೊಸ ಹಂಚು ಬಾಳಿಕೆ ಬರುತ್ತದೋ ಇಲ್ಲವೋ ಯಾರು ಬಲ್ಲರು, ಇದು ಬಂದಿದೆ ಎಂದು ನನಗೆ ಗೊತ್ತಿತ್ತು. ನನ್ನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಮಗಳಿಗೆ ಕೊಡುತ್ತಿದ್ದೇನೆ, ಇದರಲ್ಲಿ ನಾಚಿಕೆ ಏನು?

ಬೀಗತಿ, ಅಂದರೆ ಹುಡುಗನ ತಾಯಿ, ಬಂದು ಹಂಚನ್ನು ಎರಡೂ ಕೈಯಿಂದ ಎತ್ತಿ ನೋಡಿದರು. "ಭಾಳ ಒಜ್ಜಿ ಐತ್ರಿ" ಎಂದಷ್ಟೇ ಹೇಳಿ ಮೆಲ್ಲಗೆ ಕೆಳಗಿಟ್ಟರು. ಅವರ ತಂಗಿ, ಹಿಂದೆ ನಿಂತು ಬೆರಳು ಮಡಚುತ್ತಾ ಎಣಿಸುತ್ತಿದ್ದವರು, "ಹತ್ತೊಂಬತ್ತು. ಹಳೇದನ್ನ ಎಣಸಬೇಕೋ ಬ್ಯಾಡೋ?" ಎಂದು ಗಟ್ಟಿಯಾಗಿ ಕೇಳಿದರು. ನಾಲ್ಕು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು, "ಎಣಸ್ರಿ. ಮೊದಲ ಅದನ್ನ ಎಣಸ್ರಿ" ಎಂದೆ.

ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮಗಳು ಅದನ್ನೆಲ್ಲ ನೋಡಿದ್ದಳು. ಅಕ್ಷತೆ ಮುಗಿದಮೇಲೆ ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ ಹೇಳಿದಳು.

"ಅವ್ವಾ, ಆ ಹಂಚು ತಗಿ ಅಲ್ಲಿಂದ."

"ಯಾಕ?"

"ತಗಿ ಅಂದ್ನೆಲ್ಲ. ಅದು ನನಗ ಬ್ಯಾಡ."

ನಾನು ತೆಗೆಯಲಿಲ್ಲ. ಭಾಂಡೆಯೆಲ್ಲ ಟೆಂಪೋಕ್ಕೆ ಏರಿತು, ಮಗಳು ಕಾರಿಗೆ ಏರಿದಳು, ಅಳುವುದೆಲ್ಲ ಆಯಿತು. ಸಂಜೆ ಮಂಟಪದಲ್ಲಿ ಉಳಿದ ನಮ್ಮ ಸಾಮಾನು ಕಟ್ಟುವಾಗ ನನ್ನ ರೊಟ್ಟಿಯ ಬುಟ್ಟಿ ಎತ್ತಿದರೆ ಎತ್ತಲಾಗದಷ್ಟು ಭಾರ. ಒಳಗೆ ಮಗಳ ಟಾವೆಲ್ಲು. ಟಾವೆಲ್ಲಿನೊಳಗೆ ಹಂಚು.

ಯಾರು ಇಟ್ಟರೆಂದು ಕೇಳುವ ಅಗತ್ಯವೇ ಇರಲಿಲ್ಲ. ಬೇಡ ಎಂದವಳು ಬಿಟ್ಟೇ ಹೋಗಿದ್ದಳು. ಗಂಡ, "ಸಿಕ್ತಲ್ಲ, ಛಲೋ ಆತು. ನಾಳಿಂದ ಅದರ ಮ್ಯಾಲೇ ಮಾಡು" ಎಂದರು. ಗಂಡಸರಿಗೆ ಎಲ್ಲವೂ ಎಷ್ಟು ಸುಲಭ. ಮಗಳಿಗೆ ಎಂದು ಅರಿಶಿಣ ಕುಂಕುಮ ಹಚ್ಚಿ ಕೊಟ್ಟದ್ದನ್ನು ತಿರುಗಿ ಒಲೆಗೇರಿಸುತ್ತಾರೇನು? ಅಡುಗೆಮನೆಯ ಗೋಡೆಗೆ ಮೊಳೆ ಬಡಿದು, ಕುಂಕುಮದ ಸಮೇತ ಅದನ್ನು ತೂಗುಹಾಕಿದೆ. ಎಂದಾದರೊಂದು ದಿನ ತಾನೇ ಬಂದು ಕೇಳಲಿ ಎಂದು ಬಿಟ್ಟೆ.

ಮತ್ತೆ ರೊಟ್ಟಿ ಯಾತರ ಮೇಲೆ ಮಾಡುವುದು? ಇನ್ನೊಂದು ಮಾಡಿಸಲು ಬಬಲೇಶ್ವರಕ್ಕೆ ಹೋಗಬಹುದಿತ್ತು. ಆದರೆ ಓಣಿಯಲ್ಲಿ ಕಾಲಿಟ್ಟರೆ ಅದೇ ಪ್ರಶ್ನೆ. ಮಗಳು ಬಿಟ್ಟುಹೋದಳು ಎಂದು ಯಾವ ಬಾಯಿಂದ ಹೇಳಲಿ? ಬಜಾರಿಗೆ ಹೋಗಿ ತೆಳು ಹಂಚು ತಂದೆ. ನಾನು, ಜೀವನಪೂರ್ತಿ ಅದಕ್ಕೆ ಬೈದವಳು. ಎರಡು ತಿಂಗಳಿಗೆ ಅದು ಉಬ್ಬಿತು. ಇನ್ನೊಂದು ತಂದೆ. ಅದೂ ಅದೇ ದಾರಿ ಹಿಡಿಯಿತು. ಮುಂಜಾನೆ ಬುಟ್ಟಿಯಲ್ಲಿ ಚುಕ್ಕೆ ಚುಕ್ಕೆ ಕರಿ ಬಿದ್ದ ರೊಟ್ಟಿ ಪೇರಿಸುವಾಗ ನನಗೇ ನೋಡಲಾಗುತ್ತಿರಲಿಲ್ಲ. ಕಡಕ್ ರೊಟ್ಟಿ ನಡುವೆ ಸೀಳುತ್ತಿತ್ತು.

ಖಾನಾವಳಿಯ ಮಾಲೀಕರು ಸಭ್ಯಸ್ಥರು. ಮೂರು ತಿಂಗಳು ಏನೂ ಅನ್ನಲಿಲ್ಲ. ಒಂದು ದಿನ ಫೋನ್ ಮಾಡಿ, "ಬಾಯಾರ, ರೊಟ್ಟಿ ಬ್ಯಾರೆಯವರ ಕಡಿಂದ ಮಾಡ್ಸಾಕತ್ತೀರೇನ್ರಿ? ಗಿರಾಕಿ ಕೇಳಾಕತ್ತಾರ, ಅದಕ್ಕಂದೆ" ಎಂದರು. ಅವರು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಇಲ್ಲ, ನಾನೇ ಮಾಡುವುದು ಎಂದಷ್ಟೇ ಹೇಳಿದೆ. ಮರುವಾರದಿಂದ ಅರ್ಧ ಬುಟ್ಟಿ ಸಾಕು ಎಂದರು. ಗೋಡೆಯ ಮೇಲೆ ಹಂಚು ತೂಗುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಾಚಲಿಲ್ಲ. ಹಟ ಎಂದರೆ ಹಟ.

ಮಗಳು ಫೋನ್ ಮಾಡುತ್ತಿದ್ದಳು. ಆರಾಮ ಇದ್ದೀಯೇನು ಎಂದರೆ ಆರಾಮ ಎನ್ನುತ್ತಿದ್ದಳು, ನೀನು ಎಂದರೆ ನಾನೂ ಆರಾಮ. ಅವಳು ತಿಕೋಟಾದಿಂದ ದಿನಾ ಬಸ್ಸಿನಲ್ಲಿ ತೊರವಿಯ ಆಫೀಸಿಗೆ ಬಂದು ಹೋಗುತ್ತಿದ್ದಳು. ತೊರವಿಯಿಂದ ನಮ್ಮ ಮನೆಗೆ ಎಷ್ಟು ದೂರ, ಆಟೋ ಹತ್ತಿದರೆ ಮುಗಿಯಿತು. ಬರಲಿಲ್ಲ. ನಾನು ಕರೆಯಲಿಲ್ಲ. ಹಂಚಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಶ್ರಾವಣ ಬಂತು. ಮೊದಲ ಪಂಚಮಿಗೆ ಮಗಳನ್ನು ಕರೆಯದೆ ಇರಲಾಗುತ್ತದೆಯೇ? ಅವಳಿಗೆ ಅಣ್ಣತಮ್ಮಂದಿರಿಲ್ಲ, ಗಂಡನೇ ತಿಕೋಟಾಕ್ಕೆ ಹೋಗಿ ಆಟೋದಲ್ಲಿ ಕರೆತಂದರು. ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನೀರು ಕುಡಿಯಲು ಸೀದಾ ಅಡುಗೆಮನೆಗೆ ಹೋದಳು. ನಾನು ಒಲೆಯ ಮುಂದಿದ್ದೆ. ತಂಬಿಗೆ ಎತ್ತಿದವಳು ಒಲೆಯ ಕಡೆ ನೋಡಿದಳು.

"ಇದೇನವ್ವಾ? ಈ ತಗಡಿನ ಮ್ಯಾಲ ಯಾಕ ಮಾಡಾಕತ್ತಿ?"

ನಾನು ರೊಟ್ಟಿ ತಿರುವಿದೆ. ಅವಳು ಗೋಡೆ ನೋಡಿದಳು. ಮೊಳೆಯಿಂದ ಹಂಚು ಇಳಿಸಿ ತಿರುಗಿಸಿದಳು. ಮುಂದಿನ ಬದಿಗೆ ಐದು ತಿಂಗಳ ಹಿಂದಿನ ಕುಂಕುಮ ಎಣ್ಣೆಯಲ್ಲಿ ಅಂಟಿ ಒಣಗಿತ್ತು. ಗೋಡೆಯ ಕಡೆಗಿದ್ದ ಬೆನ್ನು ಮಳೆಗಾಲದ ಥಂಡಿ ಹೀರಿ ಕೆಂಪಗಾಗಿತ್ತು. ಬೆರಳಿನಿಂದ ಸವರಿದಳು, ಬೆರಳೂ ಕೆಂಪಾಯಿತು. ಇಪ್ಪತ್ತೈದು ವರ್ಷ ಬೆಂಕಿಯ ಮೇಲಿದ್ದು ಏನೂ ಆಗದ ಹಂಚಿಗೆ, ಐದು ತಿಂಗಳಲ್ಲಿ ನನ್ನ ಮನೆಯ ಗೋಡೆಯ ಮೇಲೆ ಜಂಗು ಹಿಡಿದಿತ್ತು.

"ಒಲಿ ಮ್ಯಾಲ ಇಟ್ಟಿಲ್ಲೇನು ಇದನ್ನ?"

"ಯಾಕ ಇಡಲಿ? ನೀ ಬ್ಯಾಡಂತ ಬಿಟ್ಟು ಹೋಗಿದ್ದಿ. ನಿನಗ ಬ್ಯಾಡಾದದ್ದು ನನಗ್ಯಾಕ?"

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಸಿಟ್ಟಿನಲ್ಲಿ ಅವಳು ಥೇಟ್ ನನ್ನ ಹಾಗೆ, ಮೂಗಿನ ಹೊಳ್ಳೆ ಅರಳುತ್ತದೆ.

"ಬ್ಯಾಡಾಗಿ ಬಿಟ್ಟು ಹೋದ್ನೇನು? ಅದನ್ನ ನನಗ ಕೊಟ್ಟು ನೀ ಯಾತರ ಮ್ಯಾಲ ರೊಟ್ಟಿ ಮಾಡ್ತಿದ್ದಿ? ಖಾನಾವಳಿಗೆ ಏನು ಕಳಸ್ತಿದ್ದಿ? ಎಲ್ಲಾರೂ ಉಣ್ಣಾಕ ಹೋದಾಗ ನಾನ ಹೋಗಿ ತಗದು, ನನ್ನ ಟಾವೆಲ್ಲಿನ್ಯಾಗ ಸುತ್ತಿ, ನಿನ್ನ ರೊಟ್ಟಿ ಬುಟ್ಟ್ಯಾಗ ಇಟ್ಟೀನಿ. ಬ್ಯಾಡಾದದ್ದನ್ನ ಹಂಗ ಇಡ್ತಾರೇನು? ತಿಳೀಲಿಲ್ಲೇನ ನಿನಗ?"

"ಬಾಯಿಬಿಟ್ಟು ಹೇಳಬೇಕಿಲ್ಲೋ?"

"ಹೇಳಿದ್ರ ನೀ ಕೇಳ್ತಿದ್ದೇನು?"

ಕೇಳುತ್ತಿರಲಿಲ್ಲ. ಬಾಸಿಂಗ ಕಟ್ಟಿದ ಮಗಳ ಜೊತೆ ಅಲ್ಲಿಯೇ ಜಗಳಕ್ಕೆ ನಿಂತು, ಹಂಚನ್ನು ನಾನೇ ಹೊತ್ತುಕೊಂಡು ಹೋಗಿ ಟೆಂಪೋದಲ್ಲಿ ಇಡುತ್ತಿದ್ದೆ. ನನಗೆ ಅದು ಗೊತ್ತು, ಅವಳಿಗೂ ಗೊತ್ತಿತ್ತು. ಹಂಚನ್ನು ಕೆಳಗಿಟ್ಟು ಅವಳೇ ತಣ್ಣಗೆ ಹೇಳಿದಳು.

"ನಾಚಿಕಿನೂ ಬಂದಿತ್ತು. ಮಂದಿ ನಗೂದು ನೋಡಿ. ಸುಳ್ಳ್ಯಾಕ ಹೇಳ್ಲಿ."

ಆ ಮಾತಿಗೆ ನನಗೆ ಅಳು ಬಂತು. ಒಲೆ ಆರಿಸಿ ಅತ್ತುಬಿಟ್ಟೆ. ಐದು ತಿಂಗಳು ಅವಳು ನನ್ನನ್ನು ಹೀನಾಯ ಮಾಡಿದಳೆಂದು ಒಳಗೇ ಕುದಿದಿದ್ದೆ, ಅವಳು ಐದು ತಿಂಗಳು ಅವ್ವ ಆರಾಮವಾಗಿ ತನ್ನ ಹಂಚಿನ ಮೇಲೆ ರೊಟ್ಟಿ ಮಾಡುತ್ತಿದ್ದಾಳೆ ಎಂದುಕೊಂಡು ಇದ್ದಳು. ಮನೆಗೆ ಯಾಕೆ ಬರಲಿಲ್ಲ ಎಂದರೆ, ನೀನು ಸಿಟ್ಟಾಗಿದ್ದೆಯಲ್ಲ, ಕರೆಯಲಿ ಎಂದು ಕಾದೆ ಎಂದಳು. ಎಷ್ಟಾದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಇಬ್ಬರೂ ತಿರುವಿ ತಿರುವಿ ತಿಕ್ಕಿದೆವು. ನೀರು ಕೆಂಪಗೆ ಹರಿದು, ಆಮೇಲೆ ಕರ್ರಗೆ ಹರಿದು, ಕೊನೆಗೆ ತಿಳಿಯಾಯಿತು. ಒಲೆಯ ಮೇಲಿಟ್ಟು ಎಣ್ಣೆ ಹಚ್ಚಿ ಉಳ್ಳಾಗಡ್ಡಿ ತಿಕ್ಕಿದೆ. ಮೊದಲೆರಡು ರೊಟ್ಟಿ ಹಿಡಿದುಕೊಂಡವು, ಅವು ಓಣಿಯ ಆಕಳಿಗೆ ಹೋದವು. ಮೂರನೆಯದನ್ನು ಮಗಳು ಬಡಿದು ಹಾಕಿದಳು. ಅಂಚಿನಿಂದ ಅಂಚಿಗೆ ಉಬ್ಬಿತು. ಗಂಡ ಬಾಗಿಲಲ್ಲಿ ನಿಂತು, "ನಾ ಹೋದ ವರ್ಷಾನ ಹೇಳಿದ್ದೆ" ಎಂದರು. ಲಗ್ನವಾಗಿ ಐದು ತಿಂಗಳಾಗಿತ್ತು, ಹೋದ ವರ್ಷವೆಲ್ಲಿ ಬಂತು? ತೆಳು ಹಂಚೆರಡನ್ನೂ ಗುಜರಿಯವನಿಗೆ ಹಾಕಿದೆ.

ಮರುದಿನ ಮಗಳಿಗೆ, ನಡಿ, ಸ್ಟೇಷನ್ ರಸ್ತೆಗೆ ಹೋಗಿ ಪಂಚಮಿಯ ಸೀರೆ ತರೋಣ ಎಂದೆ.

"ಸೀರಿ ಬ್ಯಾಡ."

ನನಗೆ ಅಷ್ಟರಲ್ಲೇ ತಿಳಿಯಿತು, ಆದರೂ ಅವಳ ಬಾಯಿಂದಲೇ ಬರಲಿ ಎಂದು, ಮತ್ತೇನು ಬೇಕು ಎಂದೆ.

"ನಮ್ಮತ್ತಿ ಕೇಳಿದ್ರು, ಆ ಹಂಚು ಎಲ್ಲೈತಿ ಅಂತ. ಅದು ಅವ್ವನ ಕಸುಬಿಂದು, ನಂದು ಪಂಚಮಿಗೆ ಬರ್ತೈತ್ರಿ ಅಂದೀನಿ."

ಬಬಲೇಶ್ವರದ ಆ ಹಿರಿಯ ಕಂಬಾರ ಈಗಿಲ್ಲ. ಅವನ ಮಗ ನಡೆಸುತ್ತಾನೆ, ಅವನಿಗೂ ತಲೆ ಬೆಳ್ಳಗಾಗುತ್ತಿದೆ. ಹಂಚು ಬೇಕು ಎಂದರೆ, "ಬಜಾರದಾಗ ರೆಡಿ ಸಿಗ್ತಾವಲ್ರಿ, ಸಸ್ತಾ" ಎಂದು ಅವನೇ ಹೇಳಿದ. ಬೇಡ ಎಂದೆವು. ಅಪ್ಪನ ಹಾಗೆಯೇ ಹೆಬ್ಬೆರಳು ತೋರುಬೆರಳು ಹತ್ತಿರ ಹಿಡಿದು, ನಡುವೆ ಸಂದು ಬಿಟ್ಟು, ದಪ್ಪ ಎಷ್ಟು ಎಂದು ತೋರಿಸಿದ. ಮಗಳು ಇನ್ನೂ ಸ್ವಲ್ಪ ಎಂದಳು. ಸಂದು ದೊಡ್ಡದಾಯಿತು. ಇನ್ನೂ ಸ್ವಲ್ಪ ಎಂದಳು.

"ಎತ್ತಾಕ ಬರಬೇಕಲ್ಲ ಬೇ" ಎಂದೆ ನಾನು.

"ನಾ ಎತ್ತಾಕಿ. ನೀ ಸುಮ್ಮಕಿರು."

ಅವನು ಬೆಲೆ ಹೇಳಿದ. ಎಷ್ಟೇ ಆಗಲಿ, ನನ್ನ ಬಾಯಿ ತಾನಾಗಿಯೇ ಚೌಕಾಸಿಗೆ ತೆರೆಯಿತು. ಮಗಳು ನನ್ನ ಸೆರಗು ಜಗ್ಗಿದಳು.

ತಿರುಗಿ ಬರುವಾಗ ಓಣಿಯಲ್ಲಿ ಪಂಚಮಿಗೆ ಬಂದ ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ದೂರದಿಂದಲೇ ಒಬ್ಬಾಕೆ ಕೂಗಿದಳು: "ಏನ್ಬೇ, ಹಂಚು ಛಲೋ ಐತಿಲ್ಲೋ?" ನಾನು ಉತ್ತರ ಕೊಡುವ ಮೊದಲೇ ಮಗಳು ಹೇಳಿದಳು, ಕಟ್ಟೆಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ.

"ಛಲೋ ಐತ್ರಿ. ಈಗ ನಂದೂ ಒಂದು ಮಾಡಾಕ ಹಾಕಿ ಬಂದೇವಿ."

ಅವರು ನಗಾಡಿದರು. ಹೋದ ಸಲ ಮಂದಿ ನಕ್ಕದ್ದಕ್ಕೆ ನಾಚಿದವಳು ಈ ಸಲ ಅಲ್ಲಿಯೇ ನಿಂತಳು, ಅವರ ನಗು ಮುಗಿಯುವ ತನಕ. ನಾನೂ ಅವಳ ಪಕ್ಕದಲ್ಲಿ ನಿಂತೆ.